ಏಡಿಗಂತಿಯ ವೇಷದಲ್ಲಿ ಸೋಂಕು: ಪ್ರಕರಣ ವರದಿಗಳ ಒಂದು ವಿಮರ್ಶೆ

ವೈದ್ಯಕೀಯ ಪತ್ರಿಕೆಗಳಲ್ಲಿ ಒಂದು ಬಗೆಯ ವರದಿ ಮತ್ತೆ ಮತ್ತೆ ಪ್ರಕಟವಾಗುತ್ತದೆ. ಅದರ ಸಾರಾಂಶ ಸ್ಥೂಲವಾಗಿ ಹೀಗಿರುತ್ತದೆ. ರೋಗಿ ನಡುವಯಸ್ಸಿನವರು. ಕೆಲವು ತಿಂಗಳುಗಳಿಂದ ಹೊಟ್ಟೆನೋವು, ಆಗಾಗ ಸಣ್ಣ ಜ್ವರ, ತೂಕ ಇಳಿದಿದೆ. ಒತ್ತಿ ನೋಡಿದರೆ ಕೈಗೆ ಗಟ್ಟಿಯಾದ ಗಡ್ಡೆ ಸಿಗುತ್ತದೆ. ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಆ ಗಡ್ಡೆ ಪಕ್ಕದ ಅಂಗಗಳೊಳಕ್ಕೂ ಚಾಚಿಕೊಂಡಂತೆ ಕಾಣುತ್ತದೆ. ಕ್ಯಾನ್ಸರ್ ಎಂದು ಭಾವಿಸಿ ಶಸ್ತ್ರಕ್ರಿಯೆ ಮಾಡುತ್ತಾರೆ. ಕರುಳಿನ ಒಂದು ಭಾಗವನ್ನೋ ಅಂಡಾಶಯವನ್ನೋ ಗರ್ಭಕೋಶವನ್ನೋ ತೆಗೆಯುತ್ತಾರೆ. ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕೋಶಗಳೇ ಇಲ್ಲ. ಇರುವುದು ಒಂದು ಬ್ಯಾಕ್ಟೀರಿಯ. ಬಳಿಕ ಪೆನಿಸಿಲಿನ್ ಕೊಡುತ್ತಾರೆ, ರೋಗಿ ಗುಣವಾಗುತ್ತಾರೆ. ವರದಿಯ ಕೊನೆಯ ಸಾಲು: ‘ಹೊಟ್ಟೆಯ ಗಡ್ಡೆಗಳ ವಿಷಯದಲ್ಲಿ ವೈದ್ಯರು ಈ ರೋಗವನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.’

ಈ ರೋಗದ ಹೆಸರು ಆಕ್ಟಿನೊಮೈಕೋಸಿಸ್. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಚಿಕಿತ್ಸೆಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದು ಅಳತೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬ ಪ್ರಶ್ನೆ ಎಲ್ಲ ವಿಜ್ಞಾನಗಳಿಗೂ ಸೇರಿದ್ದು. ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಈ ಬಗೆಯ ವರದಿಗಳನ್ನು ಓದಿದಾಗ ಅವುಗಳ ಬೆಲೆಯೂ ಕಾಣುತ್ತದೆ, ಕೊರತೆಯೂ ಕಾಣುತ್ತದೆ. ಕೊರತೆ ಮುಖ್ಯವಾಗಿ ಮೂರು ಕಡೆ ಇದೆ: ಅವು ವೀಕ್ಷಣೆಯನ್ನೂ ತೀರ್ಮಾನವನ್ನೂ ಬೆರೆಸುತ್ತವೆ, ಛೇದವಿಲ್ಲದ ಒಂದು ಶೇಕಡಾ ಸಂಖ್ಯೆಯನ್ನು ಕೈಯಿಂದ ಕೈಗೆ ದಾಟಿಸುತ್ತವೆ, ಉಪಯೋಗಕ್ಕೆ ಬಾರದ ಉಪದೇಶದಲ್ಲಿ ಮುಗಿಯುತ್ತವೆ. ಇದು ಕೇವಲ ಬರವಣಿಗೆಯ ಮಾತಲ್ಲ. ಒಂದು ಕಡೆ ಅನಗತ್ಯವಾಗಿ ಕಳೆದುಕೊಂಡ ಅಂಗ, ಇನ್ನೊಂದು ಕಡೆ ತಡವಾಗಿ ಪತ್ತೆಯಾದ ಕ್ಯಾನ್ಸರ್ – ಎರಡೂ ಈ ಕೊರತೆಗೆ ತೆರಬೇಕಾಗಬಹುದಾದ ಬೆಲೆ.

ಹೆಸರಿನಲ್ಲೇ ಇರುವ ಗೊಂದಲ

ಮೊದಲು ರೋಗದ ಪರಿಚಯ. 1877ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಟ್ಟೊ ಬೋಲಿಂಗರ್ ಎಂಬ ವಿಜ್ಞಾನಿ ದನಗಳ ದವಡೆಯಲ್ಲಿ ಬೆಳೆಯುವ ಗಡ್ಡೆಗಳನ್ನು ಪರೀಕ್ಷಿಸಿದ. ಅದಕ್ಕೆ ಮೊದಲು ಇವನ್ನು ಮೂಳೆಯ ಕ್ಯಾನ್ಸರ್‌ನ ಒಂದು ಬಗೆ ಎಂದು ತಿಳಿಯುತ್ತಿದ್ದರು. ಬೋಲಿಂಗರ್ ಅವುಗಳೊಳಗೆ ಹಳದಿ ಬಣ್ಣದ ಸಣ್ಣ ಕಣಗಳನ್ನೂ, ಕಣಗಳೊಳಗೆ ಎಳೆಎಳೆಯಾದ ಜೀವಿಯನ್ನೂ ಕಂಡ. ಸಸ್ಯವಿಜ್ಞಾನಿ ಕಾರ್ಲ್ ಹಾರ್ಜ್ ಆ ಜೀವಿಗೆ ‘ಆಕ್ಟಿನೊಮೈಸಿಸ್’ ಎಂದು ಹೆಸರಿಟ್ಟ. ‘ಕಿರಣ ಶಿಲೀಂಧ್ರ’ ಎಂಬುದು ಅದರ ಅರ್ಥ. ಎಳೆಗಳು ಸೂರ್ಯಕಿರಣಗಳಂತೆ ಕೇಂದ್ರದಿಂದ ಹೊರಕ್ಕೆ ಹರಡಿದ್ದವು. ಮರುವರ್ಷ, 1878ರಲ್ಲಿ, ಬರ್ಲಿನ್‌ನ ಶಸ್ತ್ರವೈದ್ಯ ಜೇಮ್ಸ್ ಇಸ್ರೇಲ್ ಮನುಷ್ಯರಲ್ಲಿ ಇಂಥದೇ ರೋಗವನ್ನು ವರ್ಣಿಸಿದ. 1891ರಲ್ಲಿ ಮ್ಯಾಕ್ಸ್ ವೋಲ್ಫ್ ಮತ್ತು ಇಸ್ರೇಲ್ ಸೇರಿ ಆಕ್ಸಿಜನ್ ಇಲ್ಲದ ಸ್ಥಿತಿಯಲ್ಲಿ ಈ ಜೀವಿಯನ್ನು ಬೆಳೆಸಿ ತೋರಿಸಿದರು. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ಪ್ರಭೇದಕ್ಕೆ ಇಂದಿಗೂ ಅವನ ಹೆಸರೇ ಇದೆ – ಆಕ್ಟಿನೊಮೈಸಿಸ್ ಇಸ್ರೇಲಿ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಒಂದು, ಈ ಜೀವಿ ಶಿಲೀಂಧ್ರವೇ ಅಲ್ಲ; ಕವಲೊಡೆದ ಎಳೆಗಳಂತೆ ಬೆಳೆಯುವ ಬ್ಯಾಕ್ಟೀರಿಯ. ಹೆಸರು ಮಾತ್ರ ಹಾಗೇ ಉಳಿಯಿತು. ಅದರ ಹಳದಿ ಕಣಗಳಿಗೆ ‘ಗಂಧಕದ ಕಣಗಳು’ ಎನ್ನುತ್ತಾರೆ. ಅದೂ ಬಣ್ಣ ನೋಡಿ ಇಟ್ಟ ಹೆಸರು, ಅವು ಬ್ಯಾಕ್ಟೀರಿಯಗಳ ಮುದ್ದೆಗಳು. ಎರಡು, ಈ ರೋಗವನ್ನು ಗಡ್ಡೆ ಎಂದು ತಪ್ಪು ತಿಳಿಯುವುದು ಹೊಸತೇನಲ್ಲ. ಅದರ ಚರಿತ್ರೆ ಆರಂಭವಾದದ್ದೇ ಅಂಥ ತಪ್ಪು ತಿಳಿವಳಿಕೆಯನ್ನು ತಿದ್ದುವುದರಿಂದ.

‘ಟ್ಯೂಮರ್’ ಎಂಬ ಪದದ್ದೂ ಸ್ವಾರಸ್ಯದ ಕಥೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಊತ ಎಂದಷ್ಟೆ. ಕ್ರಿ.ಶ. ಒಂದನೇ ಶತಮಾನದಲ್ಲಿ ರೋಮ್‌ನ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಪಟ್ಟಿ ಮಾಡಿದ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಆ ಎರಡನೆಯ ಲಕ್ಷಣವೇ ‘ಟ್ಯೂಮರ್’. ಮೂಲದಲ್ಲಿ ಉರಿಯೂತದ ಗುರುತಾಗಿದ್ದ ಪದ ಕಾಲಾಂತರದಲ್ಲಿ ಅದಕ್ಕೆ ಎದುರಾದ ಅರ್ಥ ಪಡೆಯಿತು. ನಮ್ಮ ಮಾತಿನಲ್ಲೂ ಹಾಗೆಯೇ ಆಗಿದೆ. ‘ಹೊಟ್ಟೆಯಲ್ಲಿ ಗಡ್ಡೆ ಇದೆ’ ಎಂದರೆ ಕೇಳಿದವರ ಕಿವಿಗೆ ‘ಏಡಿಗಂತಿ’ ಎಂದೇ ಬೀಳುತ್ತದೆ. ಗಡ್ಡೆ ಎಂಬುದು ಕಂಡದ್ದು. ಏಡಿಗಂತಿ ಎಂಬುದು ಊಹಿಸಿದ್ದು. ಈ ಎರಡರ ನಡುವಿನ ಅಂತರವೇ ಈ ಲೇಖನದ ವಿಷಯ.

ಬಾಯಿಯ ಜೀವಿ ಹೊಟ್ಟೆಯಲ್ಲಿ ಏನು ಮಾಡುತ್ತದೆ?

ಈ ಬ್ಯಾಕ್ಟೀರಿಯ ಹೊರಗಿನಿಂದ ಬರುವುದಲ್ಲ. ನಮ್ಮ ಬಾಯಿ, ಕರುಳು, ಹೆಂಗಸರ ಜನನಾಂಗ ಮಾರ್ಗ – ಇಲ್ಲೆಲ್ಲ ತೊಂದರೆ ಕೊಡದೆ ವಾಸಿಸುತ್ತದೆ. ಒಳಪೊರೆ ಎಲ್ಲಾದರೂ ಹರಿದರೆ ಮಾತ್ರ ಅಂಗಾಂಶದ ಆಳಕ್ಕೆ ಇಳಿಯಲು ಅದಕ್ಕೆ ದಾರಿ ಸಿಗುತ್ತದೆ. ಒಡೆದ ಅಪೆಂಡಿಕ್ಸ್, ಹಿಂದಿನ ಶಸ್ತ್ರಕ್ರಿಯೆ, ನುಂಗಿದ ಮೀನಿನ ಮುಳ್ಳು ಅಥವಾ ಕೋಳಿಯ ಎಲುಬಿನ ಚೂರು ಕರುಳನ್ನು ಚುಚ್ಚುವುದು – ಇವು ದಾಖಲಾಗಿರುವ ಕಾರಣಗಳು. ಹೆಂಗಸರಲ್ಲಿ ಇನ್ನೊಂದು ಕಾರಣವೂ ಉಂಟು: ಗರ್ಭನಿರೋಧಕ್ಕಾಗಿ ಹಾಕಿಸಿಕೊಂಡ ವಂಕಿಯನ್ನು ಹಲವು ವರ್ಷಗಳ ಕಾಲ ತೆಗೆಸದೆ ಹಾಗೇ ಬಿಡುವುದು. ಈ ರೋಗದ ಅರ್ಧಕ್ಕೂ ಹೆಚ್ಚು ಪ್ರಕರಣಗಳು ಮುಖ ಮತ್ತು ಕುತ್ತಿಗೆಯವು. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಪಾಲು ಸುಮಾರು ಐದರಲ್ಲಿ ಒಂದು. ಹೊಟ್ಟೆಯಲ್ಲಿ ಅದರ ಮೆಚ್ಚಿನ ತಾಣ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ಮತ್ತು ಅದರ ಪಕ್ಕದ ಅಪೆಂಡಿಕ್ಸ್.

ಅಲ್ಲಿ ಅದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ದೇಹ ಅದರ ಸುತ್ತ ಗೋಡೆ ಕಟ್ಟಲು ಹೊರಡುತ್ತದೆ. ನಾರಿನ ಅಂಗಾಂಶ ದಟ್ಟವಾಗಿ ಬೆಳೆದು ಮರದ ಹಾಗೆ ಗಟ್ಟಿಯಾಗುತ್ತದೆ. ನಡುನಡುವೆ ಕೀವಿನ ಸಣ್ಣ ಗೂಡುಗಳು. ಬಹುಪಾಲು ಸೋಂಕುಗಳು ಅಂಗಗಳ ನಡುವಿನ ಪೊರೆಗಳನ್ನು ಗಡಿಯಾಗಿ ಗೌರವಿಸುತ್ತವೆ. ಇದು ಆ ಗಡಿಗಳನ್ನು ಲೆಕ್ಕಿಸದೆ ನುಗ್ಗುತ್ತದೆ. ಕೆಲವೊಮ್ಮೆ ಚರ್ಮದವರೆಗೂ ಸುರಂಗ ಕೊರೆಯುತ್ತದೆ. ಗಡಿ ಮೀರಿ ನುಗ್ಗುವುದು ಕ್ಯಾನ್ಸರ್‌ನ ಸ್ವಭಾವವೂ ಹೌದಲ್ಲವೆ? ವರದಿಗಳಲ್ಲಿ ಬರುವ ‘ವೇಷ’ದ ಗುಟ್ಟು ಇದೇ. ಬ್ಯಾಕ್ಟೀರಿಯ ವೇಷ ಹಾಕುವುದಿಲ್ಲ. ನಾವು ಅಳೆಯುವ ಗುಣಗಳು ಎರಡು ರೋಗಗಳಲ್ಲೂ ಒಂದೇ ಆಗಿರುತ್ತವೆ, ಅಷ್ಟೆ. ‘ಕ್ಯಾನ್ಸರ್‌ನಂತೆ ನಟಿಸಿದ ಸೋಂಕು’ ಎಂಬ ಶೀರ್ಷಿಕೆಯ ಬಗ್ಗೆ ನನ್ನ ಮೊದಲ ತಕರಾರು ಇದೇ. ಅದು ನಮ್ಮ ಅಳತೆಯ ಮಿತಿಯನ್ನು ರೋಗಾಣುವಿನ ಕಪಟವೆಂದು ಹೇಳಿಬಿಡುತ್ತದೆ.

ಯಂತ್ರ ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?

ಸಿ.ಟಿ. ಸ್ಕ್ಯಾನ್ ಯಂತ್ರವನ್ನು ತೆಗೆದುಕೊಳ್ಳಿ. ಇದರ ಹಿಂದಿನ ಕೆಲಸಕ್ಕಾಗಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ 1979ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದರು. ಇಬ್ಬರೂ ವೈದ್ಯರಲ್ಲ, ಮೊದಲನೆಯವರು ಎಂಜಿನಿಯರ್, ಎರಡನೆಯವರು ಭೌತವಿಜ್ಞಾನಿ. ಈ ಯಂತ್ರ ಅಳೆಯುವುದು ಒಂದೇ ಒಂದು ರಾಶಿಯನ್ನು: ದೇಹದ ಪ್ರತಿ ಚಿಕ್ಕ ಘನಭಾಗವು ಎಕ್ಸ್-ಕಿರಣವನ್ನು ಎಷ್ಟು ಕ್ಷೀಣಗೊಳಿಸುತ್ತದೆ ಎಂಬುದನ್ನು. ನೀರಿನ ಕ್ಷೀಣನವನ್ನು ಸೊನ್ನೆ ಎಂದೂ ಗಾಳಿಯದನ್ನು –1000 ಎಂದೂ ಇಟ್ಟುಕೊಂಡು ಹೌನ್ಸ್‌ಫೀಲ್ಡ್ ಮಾನದಲ್ಲಿ ಅದನ್ನು ಬರೆಯುತ್ತಾರೆ. ಕೊಬ್ಬು ಸುಮಾರು –100. ಮೃದು ಅಂಗಾಂಶಗಳೆಲ್ಲ ಸೊನ್ನೆಯ ಮೇಲೆ ಕೆಲವು ಹತ್ತುಗಳ ಕಿರಿದಾದ ಪಟ್ಟಿಯಲ್ಲಿ ಒತ್ತಿಕೊಂಡಿರುತ್ತವೆ. ಕ್ಯಾನ್ಸರ್ ಅಂಗಾಂಶವೂ, ಸೋಂಕಿನಿಂದ ದಪ್ಪಗಾದ ಅಂಗಾಂಶವೂ ಇದೇ ಪಟ್ಟಿಯ ನಿವಾಸಿಗಳು. ರಕ್ತನಾಳಕ್ಕೆ ಅಯೊಡಿನ್ ಇರುವ ದ್ರವ ಕೊಟ್ಟು ಮತ್ತೆ ಚಿತ್ರ ತೆಗೆದರೆ ರಕ್ತ ಹೆಚ್ಚು ಹರಿಯುವ ಜಾಗ ಬೆಳಗುತ್ತದೆ. ಆದರೆ ಗಡ್ಡೆಗೂ ರಕ್ತ ಹೆಚ್ಚು, ಉರಿಯೂತಕ್ಕೂ ರಕ್ತ ಹೆಚ್ಚು.

ಪೆಟ್ ಸ್ಕ್ಯಾನ್ ಇದಕ್ಕಿಂತ ನಿಖರವಲ್ಲವೆ ಎಂದು ನೀವು ಕೇಳಬಹುದು. ಅಲ್ಲಿ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್‌ನಂಥ ವಸ್ತುವನ್ನು ದೇಹಕ್ಕೆ ಕೊಡುತ್ತಾರೆ. ಅದರ ಅರ್ಧಾಯು ಸುಮಾರು 110 ನಿಮಿಷ. ಅದು ಹೊರಸೂಸುವ ಪಾಸಿಟ್ರಾನ್ ಒಂದು ಎಲೆಕ್ಟ್ರಾನನ್ನು ಸಂಧಿಸಿ ಎರಡೂ ಇಲ್ಲವಾದಾಗ, 511 ಕಿಲೊ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಫೋಟಾನ್‌ಗಳು ವಿರುದ್ಧ ದಿಕ್ಕುಗಳಲ್ಲಿ ಹಾರುತ್ತವೆ. ಅವುಗಳ ಜಾಡು ಹಿಡಿದು ಗ್ಲೂಕೋಸ್ ಎಲ್ಲಿ ಹೆಚ್ಚು ಸೇರಿದೆ ಎಂದು ಯಂತ್ರ ತೋರಿಸುತ್ತದೆ. ಭೌತವಿಜ್ಞಾನದ ದೃಷ್ಟಿಯಿಂದ ಸೊಗಸಾದ ಉಪಾಯ. ಆದರೆ ಗ್ಲೂಕೋಸ್ ನುಂಗುವುದು ಕ್ಯಾನ್ಸರ್ ಕೋಶ ಮಾತ್ರವಲ್ಲ. ಸೋಂಕಿನ ಜೊತೆ ಹೋರಾಡುತ್ತಿರುವ ಬಿಳಿ ರಕ್ತಕಣವೂ ನುಂಗುತ್ತದೆ. ಆಕ್ಟಿನೊಮೈಕೋಸಿಸ್‌ನ ಗಡ್ಡೆಗಳು ಪೆಟ್ ಚಿತ್ರದಲ್ಲಿ ಪ್ರಕಾಶಮಾನವಾಗಿ ಕಂಡ ಪ್ರಕರಣಗಳು ದಾಖಲಾಗಿವೆ.

ರಕ್ತಪರೀಕ್ಷೆಯೂ ಇದೇ ಜಾತಿಯದು. ಅಂಡಾಶಯದ ಕ್ಯಾನ್ಸರ್ ಶಂಕೆ ಇದ್ದಾಗ ಸಿಎ-125 ಎಂಬ ಪ್ರೋಟೀನನ್ನು ಅಳೆಯುತ್ತಾರೆ. ಮಿಲಿಲೀಟರಿಗೆ 35 ಯೂನಿಟ್ ಮೀರಿದರೆ ಹೆಚ್ಚು ಎಂದು ಲೆಕ್ಕ. ಹೊಟ್ಟೆಯ ಒಳಪೊರೆ ಕೆರಳಿದರೆ ಸಾಕು, ಇದು ಏರಬಹುದು. ಹೊಟ್ಟೆಯ ಕ್ಷಯದಲ್ಲಿ ಏರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಈ ಹಿನ್ನೆಲೆಯಲ್ಲಿ ವರದಿಗಳ ಭಾಷೆಯನ್ನು ನೋಡಿ. ‘ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು’ ಎಂದು ಬರೆದಿರುತ್ತಾರೆ. ಸ್ಕ್ಯಾನ್‌ನಲ್ಲಿ ಕಂಡದ್ದು ಇಷ್ಟು ಸೆಂಟಿಮೀಟರಿನ, ಇಷ್ಟು ಕ್ಷೀಣನದ, ಇಂಥ ಅಂಚಿನ ಒಂದು ಪ್ರದೇಶ. ‘ಕ್ಯಾನ್ಸರ್’ ಎಂಬುದು ನೋಡಿದವರು ಸೇರಿಸಿದ ಮಾತು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ‘ವೀಕ್ಷಣೆ’ ಎಂಬ ಕಾಲಮ್ಮಿನಲ್ಲಿ ‘ತೀರ್ಮಾನ’ವನ್ನು ಬರೆದರೆ ನಾವು ಕೆಂಪು ಗೆರೆ ಎಳೆಯುತ್ತೇವೆ. ಇಲ್ಲೂ ಎಳೆಯಬೇಕು. ಒಮ್ಮೆ ‘ಕ್ಯಾನ್ಸರ್ ಗಡ್ಡೆ’ ಎಂದು ಕಾಗದದ ಮೇಲೆ ಬಂದಮೇಲೆ ಮುಂದಿನ ವೈದ್ಯರು ಅದನ್ನು ವೀಕ್ಷಣೆಯೆಂದೇ ಓದುವ ಅಪಾಯವಿದೆ. ಬೇರೆ ಸಾಧ್ಯತೆಗಳ ಬಾಗಿಲು ಅಲ್ಲೇ ಅರ್ಧ ಮುಚ್ಚುತ್ತದೆ.

ಛೇದವಿಲ್ಲದ ಶೇಕಡಾ ಹತ್ತು

ಎರಡನೆಯ ತಕರಾರು ಒಂದು ಸಂಖ್ಯೆಯದು. ‘ಹೊಟ್ಟೆಯ ಆಕ್ಟಿನೊಮೈಕೋಸಿಸ್ ಶಸ್ತ್ರಕ್ರಿಯೆಗೆ ಮುನ್ನ ಪತ್ತೆಯಾಗುವುದು ಶೇ. 10ಕ್ಕಿಂತ ಕಡಿಮೆ ಸಂದರ್ಭಗಳಲ್ಲಿ’ – ಈ ವಾಕ್ಯ ಸ್ವಲ್ಪ ಹೆಚ್ಚುಕಡಿಮೆ ಇದೇ ರೂಪದಲ್ಲಿ ವರದಿಯಿಂದ ವರದಿಗೆ ಸಾಗಿ ಬರುತ್ತದೆ. ಓದಿದವರಿಗೆ ಇದು ರೋಗದ ಒಂದು ಗುಣದಂತೆ, ನೀರಿನ ಕುದಿಬಿಂದುವಿನಂತೆ, ತೋರುತ್ತದೆ. ನಿಜವಾಗಿ ಹಾಗಲ್ಲ.

ಯಾವುದೇ ಶೇಕಡಾ ಸಂಖ್ಯೆಗೆ ಒಂದು ಅಂಶ, ಒಂದು ಛೇದ ಇರಬೇಕು. ಇಲ್ಲಿನ ಛೇದ ಯಾವುದು? ‘ಹೊಟ್ಟೆಯ ಆಕ್ಟಿನೊಮೈಕೋಸಿಸ್ ಇರುವವರೆಲ್ಲರೂ’ ಅಲ್ಲ, ವರದಿಗಳಲ್ಲಿ ಸೇರಿದವರು. ವರದಿಗಳಲ್ಲಿ ಸೇರಿದವರು ಯಾರು? ಬಹುಪಾಲು ಶಸ್ತ್ರಕ್ರಿಯೆಗೆ ಒಳಗಾಗಿ, ತೆಗೆದ ಅಂಗದ ಪರೀಕ್ಷೆಯಿಂದ ರೋಗ ಖಚಿತವಾದವರು. ಜರಡಿ ಹಿಡಿದು ಮೇಲೆ ಉಳಿದ ರವೆಯನ್ನು ಮಾತ್ರ ನೋಡಿ, ‘ಈ ಚೀಲದಲ್ಲಿ ನುಣ್ಣನೆಯ ರವೆ ಬಹಳ ಕಡಿಮೆ’ ಎಂದರೆ ಹೇಗೆ? ನುಣ್ಣಗಿನದು ಕೆಳಗೆ ಬಿದ್ದಿದೆ. ಅದನ್ನು ಯಾರೂ ತೂಗಿಲ್ಲ.

ಈ ಜರಡಿಯಿಂದ ಕೆಳಗೆ ಬಿದ್ದವರು ಯಾರೆಂದು ಯೋಚಿಸಿ. ಒಂದು, ವೈದ್ಯರು ಮೊದಲೇ ಶಂಕಿಸಿ, ಸೂಜಿಯಿಂದ ಮಾದರಿ ತೆಗೆದು, ಔಷಧಿಯಿಂದಲೇ ಗುಣಪಡಿಸಿದವರು. ಇಂಥ ಪ್ರಕರಣದಲ್ಲಿ ಅಚ್ಚರಿ ಕಡಿಮೆ. ಪ್ರಕಟಣೆಗೆ ಪ್ರೇರಣೆಯೂ ಕಡಿಮೆ. ಎರಡು, ಬೇರೇನೋ ಕಾರಣಕ್ಕೆ ಪೆನಿಸಿಲಿನ್ ಬಳಗದ ಔಷಧಿ ನುಂಗಿ, ಯಾವ ರೋಗವಿತ್ತೆಂದು ಯಾರಿಗೂ ತಿಳಿಯದೆಯೇ ಸುಧಾರಿಸಿಕೊಂಡವರು. ಮೂರು, ಇದಕ್ಕೆ ಎದುರು ದಿಕ್ಕಿನವರು: ಸೋಂಕಿರಬೇಕೆಂದು ಭಾವಿಸಿ ಔಷಧಿ ಕೊಡುತ್ತಾ ಕಾದು, ಕೊನೆಗೆ ಕ್ಯಾನ್ಸರ್ ಎಂದು ತಿಳಿದುಬಂದವರು. ಈ ಮೂರನೆಯ ಗುಂಪಿನ ಬಗ್ಗೆ ಬರೆಯುವ ಉತ್ಸಾಹ ಯಾರಿಗಿರುತ್ತದೆ? ಆದರೆ ‘ಕಾದು ನೋಡಬೇಕೆ, ಕೊಯ್ಯಬೇಕೆ’ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಆ ಗುಂಪಿನ ಲೆಕ್ಕವೇ ಅತ್ಯಗತ್ಯ.

ಪ್ರಕರಣ ವರದಿ ಬೇಡವೆಂದು ಇದರ ಅರ್ಥವಲ್ಲ. ಅಪರೂಪದ ರೋಗ ಇದೆ ಎಂದು ಮೊದಲು ಗೊತ್ತಾಗುವುದೇ ಇಂಥ ವರದಿಯಿಂದ. 1878ರಲ್ಲಿ ಇಸ್ರೇಲ್ ಬರೆದದ್ದೂ ಕೆಲವೇ ರೋಗಿಗಳ ವಿವರಗಳನ್ನು. ‘ಹೀಗೂ ಉಂಟು’ ಎಂದು ತೋರಿಸಲು ಒಂದು ಪ್ರಕರಣ ಸಾಕು. ‘ಎಷ್ಟು ಉಂಟು’ ಎಂದು ಹೇಳಲು ಸಾವಿರ ಅಂಥ ಪ್ರಕರಣಗಳನ್ನು ಪೇರಿಸಿದರೂ ಸಾಲದು, ಜರಡಿ ಒಂದೇ ಆಗಿದ್ದರೆ.

‘ತಪ್ಪು’ ನಿಜಕ್ಕೂ ತಪ್ಪೆ?

ಈಗ ವೈದ್ಯರ ಪಕ್ಷದಲ್ಲಿ ನಿಂತು ಒಂದು ಲೆಕ್ಕ ಮಾಡೋಣ. ಇಲ್ಲಿನ ಸಂಖ್ಯೆಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ಯಾವುದೇ ಆಸ್ಪತ್ರೆಯವಲ್ಲ. ಹೊಟ್ಟೆಯಲ್ಲಿ ಶಂಕಾಸ್ಪದ ಗಡ್ಡೆ ಇರುವ 1000 ಮಂದಿ ಇದ್ದಾರೆ ಎನ್ನಿ. ಅವರಲ್ಲಿ 10 ಮಂದಿಗೆ ಆಕ್ಟಿನೊಮೈಕೋಸಿಸ್, ಉಳಿದ 990 ಮಂದಿಗೆ ಬೇರೆ ರೋಗ. ಸ್ಕ್ಯಾನ್‌ನಲ್ಲಿ ಒಂದು ಸುಳಿವು ಇದೆ: ಅದು ಈ ಸೋಂಕಿರುವ 100 ಮಂದಿಯಲ್ಲಿ 90 ಮಂದಿಗೆ ಕಾಣುತ್ತದೆ, ಸೋಂಕಿಲ್ಲದ 100 ಮಂದಿಯಲ್ಲಿ 10 ಮಂದಿಗೆ ಮಾತ್ರ ಕಾಣುತ್ತದೆ. ಬಹಳ ಒಳ್ಳೆಯ ಸುಳಿವೆಂದೇ ಹೇಳಬೇಕು. ಸುಳಿವು ಕಂಡವರು ಎಷ್ಟು ಮಂದಿ? ಸೋಂಕಿನವರಲ್ಲಿ 9, ಉಳಿದವರಲ್ಲಿ 99, ಒಟ್ಟು 108. ಅವರಲ್ಲಿ ನಿಜಕ್ಕೂ ಸೋಂಕಿರುವವರು ಶೇ. 8ಕ್ಕೆ ಸ್ವಲ್ಪ ಮೇಲೆ. ಅಂದರೆ ಇಷ್ಟು ಒಳ್ಳೆಯ ಸುಳಿವು ಸಿಕ್ಕಮೇಲೂ, ‘ಇದು ಆಕ್ಟಿನೊಮೈಕೋಸಿಸ್’ ಎನ್ನುವ ವೈದ್ಯರು ಹನ್ನೆರಡು ಸಲದಲ್ಲಿ ಹನ್ನೊಂದು ಸಲ ತಪ್ಪುತ್ತಾರೆ. ಥಾಮಸ್ ಬೇಯ್ಸ್‌ನ ಮರಣಾನಂತರ 1763ರಲ್ಲಿ ಪ್ರಕಟವಾದ ಪ್ರಮೇಯದ ಸಾರ ಇದೇ: ಹೊಸ ಸಾಕ್ಷ್ಯವನ್ನು ತೂಗುವಾಗ, ಆ ಸಂಗತಿ ಮೊದಲೇ ಎಷ್ಟು ಅಪರೂಪ ಎಂಬುದನ್ನು ಮರೆಯಬಾರದು.

ಆದ್ದರಿಂದ ಕ್ಯಾನ್ಸರ್ ಎಂದು ಶಂಕಿಸಿ ಶಸ್ತ್ರಕ್ರಿಯೆಗೆ ಹೊರಟವರನ್ನು ಅವಿವೇಕಿಗಳೆನ್ನಲು ಬರುವುದಿಲ್ಲ. ನಿರ್ಧಾರ ಸರಿಯೆ ಎಂಬುದು ಒಂದು ಪ್ರಶ್ನೆ, ಫಲಿತಾಂಶ ಏನಾಯಿತು ಎಂಬುದು ಇನ್ನೊಂದು. ಹಾಗೆ ನೋಡಿದರೆ ಈ ರೋಗದಲ್ಲಿ ಶಸ್ತ್ರಕ್ರಿಯೆ ಯಾವಾಗಲೂ ವ್ಯರ್ಥವೂ ಅಲ್ಲ. ಕರುಳು ಕಟ್ಟಿಕೊಂಡಿದ್ದರೆ, ದೊಡ್ಡ ಕೀವುಗೂಡು ಇದ್ದರೆ, ಔಷಧಿಯೊಂದೇ ಸಾಲದಿರಬಹುದು.

ಹಾಗಾದರೆ ಕೈಕಟ್ಟಿ ಕೂರುವುದೆ? ಇಲ್ಲ. ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ. ಮೊದಲಿನದಕ್ಕೆ ಸಂಬಂಧವಿಲ್ಲದ, ಅಷ್ಟೇ ಬಲದ ಎರಡನೆಯ ಸುಳಿವೊಂದು ಸಿಕ್ಕಿತು ಎನ್ನಿ. 9 ಮಂದಿಯಲ್ಲಿ ಸುಮಾರು 8 ಮಂದಿ, 99 ಮಂದಿಯಲ್ಲಿ ಸುಮಾರು 10 ಮಂದಿ ಉಳಿಯುತ್ತಾರೆ. ಈಗ ಸೋಂಕಿನ ಸಾಧ್ಯತೆ ಸುಮಾರು ಶೇ. 45. ಕ್ಯಾನ್ಸರ್ ಎಂದು ದೊಡ್ಡ ಶಸ್ತ್ರಕ್ರಿಯೆ ಮಾಡುವ ಮುನ್ನ ಮಾದರಿ ತೆಗೆದು ನೋಡಲು ಇದಕ್ಕಿಂತ ಬಲವಾದ ಕಾರಣ ಬೇಕೆ?

ಇಲ್ಲಿ ‘ಸಂಬಂಧವಿಲ್ಲದ’ ಎಂಬ ಪದವೇ ಮುಖ್ಯ. ಒಂದೇ ತಕ್ಕಡಿಯಲ್ಲಿ ಮೂರು ಸಲ ತೂಗಿದರೆ ತಕ್ಕಡಿಯ ದೋಷ ಹೋಗುವುದಿಲ್ಲ. ಕೈಗೆ ಸಿಕ್ಕ ಗಟ್ಟಿತನ, ಸಿ.ಟಿ.ಯಲ್ಲಿ ಕಂಡ ದಪ್ಪ, ಪೆಟ್‌ನಲ್ಲಿ ಕಂಡ ಬೆಳಕು, ರಕ್ತದಲ್ಲಿ ಏರಿದ ಪ್ರೋಟೀನು – ಇವು ನಾಲ್ಕು ಸಾಕ್ಷಿಗಳಂತೆ ಕಾಣುತ್ತವೆ. ಆದರೆ ಸೋಂಕಿರುವ ರೋಗಿಯಲ್ಲಿ ಇವೆಲ್ಲ ಒಂದೇ ಉರಿಯೂತದ ನಾಲ್ಕು ಮುಖಗಳು. ಒಂದು ದಾರಿ ತಪ್ಪಿಸಿದರೆ ನಾಲ್ಕೂ ಒಟ್ಟಿಗೆ ತಪ್ಪಿಸುತ್ತವೆ. ‘ಎಲ್ಲ ಪರೀಕ್ಷೆಗಳೂ ಕ್ಯಾನ್ಸರ್ ಕಡೆಗೇ ಬೆರಳು ಮಾಡಿದವು’ ಎಂಬ ವಾಕ್ಯದಲ್ಲಿ ‘ಎಲ್ಲ’ ಎಂಬುದರ ತೂಕ ನಾವು ತಿಳಿದಷ್ಟಿಲ್ಲ. ಬೇರೆ ಜಾತಿಯ ಸುಳಿವು ಯಾವುದು? ‘ವಂಕಿ ಹಾಕಿಸಿಕೊಂಡು ಎಷ್ಟು ವರ್ಷವಾಯಿತಮ್ಮ?’ ‘ಅಪೆಂಡಿಕ್ಸ್ ಒಡೆದಿತ್ತೆ?’ ‘ಮುಳ್ಳು ನುಂಗಿದ ನೆನಪಿದೆಯೆ?’ ಈ ಪ್ರಶ್ನೆಗಳ ಉತ್ತರ ಎಕ್ಸ್-ಕಿರಣದ ಕ್ಷೀಣನವನ್ನು ಅವಲಂಬಿಸಿಲ್ಲ. ಇವಕ್ಕೆ ಖರ್ಚೂ ಇಲ್ಲ. ಇನ್ನೊಂದು ಸುಳಿವೂ ಉಂಟು: ಇಷ್ಟು ದೊಡ್ಡ ಗಡ್ಡೆ ಕ್ಯಾನ್ಸರ್ ಆಗಿದ್ದರೆ ಹತ್ತಿರದ ದುಗ್ಧಗ್ರಂಥಿಗಳು ಊದಿರುವುದು ಸಾಮಾನ್ಯ, ಈ ಸೋಂಕು ಸಾಮಾನ್ಯವಾಗಿ ಆ ದಾರಿ ಹಿಡಿಯುವುದಿಲ್ಲ.

ಆದರೆ ಸುಳಿವು ಸಾಬೀತಲ್ಲ. ವಂಕಿ ಇರುವ ಎಷ್ಟೋ ಹೆಂಗಸರ ಗರ್ಭಕಂಠದ ಲೇಪ ಪರೀಕ್ಷೆಯಲ್ಲಿ ಈ ಬ್ಯಾಕ್ಟೀರಿಯದಂಥ ಜೀವಿಗಳು ಕಾಣುತ್ತವೆ. ಅವರಲ್ಲಿ ಬಹುಪಾಲು ಮಂದಿಗೆ ಯಾವ ರೋಗವೂ ಇರುವುದಿಲ್ಲ. ಜೀವಿ ಇರುವುದು ಬೇರೆ, ಜೀವಿಯಿಂದ ರೋಗ ಬಂದಿರುವುದು ಬೇರೆ. ಒಂದೇ ಗಡ್ಡೆಯಲ್ಲಿ ಕ್ಯಾನ್ಸರೂ ಈ ಸೋಂಕೂ ಜೊತೆಗೇ ಇದ್ದ ಪ್ರಕರಣಗಳೂ ಇವೆ.

‘ನೆನಪಿನಲ್ಲಿಡಿ’ ಎಂದರೆ ಸಾಕೆ?

ಮೂರನೆಯ ತಕರಾರು ಕೊನೆಯ ಸಾಲಿನದು. ಹೊಟ್ಟೆಯಲ್ಲಿ ಗಡ್ಡೆಯಾಗಬಲ್ಲ ಅಪರೂಪದ ರೋಗಗಳು ಹತ್ತಾರಿವೆ. ಪ್ರತಿಯೊಂದರ ವರದಿಯೂ ‘ಇದನ್ನು ನೆನಪಿನಲ್ಲಿಡಿ’ ಎನ್ನುತ್ತದೆ. ಎಲ್ಲವನ್ನೂ ನೆನಪಿಟ್ಟವರು ಏನು ಮಾಡಬೇಕು ಎಂಬುದನ್ನು ಹೇಳುವ ವರದಿಗಳು ಕಡಿಮೆ. ಉಪಯುಕ್ತ ವರದಿ ಹೇಳಬೇಕಾದದ್ದು ಇದು: ಯಾವ ಘಟ್ಟದಲ್ಲಿ ಯಾವ ಪ್ರಶ್ನೆ ಕೇಳಿದ್ದರೆ, ಮಾದರಿಯನ್ನು ಹೇಗೆ ಕಳಿಸಿದ್ದರೆ ಬೇರೆ ಉತ್ತರ ಬರುತ್ತಿತ್ತು?

ಒಂದು ಸ್ಪಷ್ಟ ಉದಾಹರಣೆ ಕೊಡುತ್ತೇನೆ. ತೆಗೆದ ಅಂಗಾಂಶದ ಚೂರನ್ನು ರೂಢಿಯಂತೆ ಫಾರ್ಮಲಿನ್‌ಗೆ ಹಾಕುತ್ತಾರೆ. ಕ್ಯಾನ್ಸರ್ ಪರೀಕ್ಷೆಗೆ ಅದು ಸರಿ. ಆದರೆ ಫಾರ್ಮಲಿನ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ; ಅನಂತರ ಕಲ್ಚರ್ ಮಾಡಿ ಬೆಳೆಸುವ ಮಾತೇ ಇಲ್ಲ. ಒಂದು ಚೂರನ್ನು ಬೇರೆಯಾಗಿ, ಗಾಳಿ ಸೋಕದಂತೆ, ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಜೀವಿ ನಿಧಾನವಾಗಿ ಬೆಳೆಯುವಂಥದು. ಎರಡೇ ದಿನ ನೋಡಿ ‘ಬೆಳವಣಿಗೆ ಇಲ್ಲ’ ಎಂದು ತಟ್ಟೆಯನ್ನು ಎಸೆದರೆ ಅದು ಸಿಗುವುದಿಲ್ಲ. ವಾರಗಟ್ಟಲೆ ಇಡಬೇಕಾಗಬಹುದು. ಮೊದಲೇ ಆಂಟಿಬಯಾಟಿಕ್ ಕೊಟ್ಟಿದ್ದರೆ ಬೆಳೆಯದೆಯೂ ಇರಬಹುದು. ಸೂಜಿಯ ಮಾದರಿಯಲ್ಲಿ ಬರೀ ನಾರು ಬಂದು ಬ್ಯಾಕ್ಟೀರಿಯದ ಕಣಗಳು ತಪ್ಪಿಹೋಗಬಹುದು, ಏಕೆಂದರೆ ಅವು ಅಲ್ಲೊಂದು ಇಲ್ಲೊಂದು ಇರುತ್ತವೆ. ಆದ್ದರಿಂದ ‘ಕಲ್ಚರ್ ಋಣಾತ್ಮಕ’ ಎಂಬ ಎರಡು ಪದಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ. ಎಷ್ಟು ದಿನ, ಯಾವ ಸ್ಥಿತಿಯಲ್ಲಿ, ಯಾವ ಔಷಧಿಯ ನಂತರ ಎಂಬುದು ಜೊತೆಗಿದ್ದರೆ ಮಾತ್ರ ಅದು ಮಾಹಿತಿ. ಅಳತೆಯ ಜೊತೆ ಅದರ ಪರಿಸ್ಥಿತಿಯನ್ನು ಬರೆಯದೆ ಬಿಟ್ಟರೆ ಅಳತೆಯೇ ಇಲ್ಲದಂತೆ.

ಭಾರತದಿಂದ ಬರುವ ವರದಿಗಳಿಗೆ ಇನ್ನೂ ಒಂದು ಹೊಣೆಯಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಪಾಲು ನಮ್ಮ ದೇಶದವರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಅದೇ ಜಾಗ ಹೊಟ್ಟೆಯ ಕ್ಷಯಕ್ಕೂ ಮೆಚ್ಚಿನ ತಾಣ. ಇಲ್ಲಿ ಗಡ್ಡೆ ಕಂಡಾಗ ಕ್ಯಾನ್ಸರ್, ಕ್ಷಯ, ಆಕ್ಟಿನೊಮೈಕೋಸಿಸ್ – ಮೂರನ್ನೂ ಬೇರ್ಪಡಿಸಬೇಕು. ಬೇರ್ಪಡಿಸಲು ದಾರಿಗಳಿವೆ: ಕ್ಷಯದ ಬ್ಯಾಕ್ಟೀರಿಯ ಆಮ್ಲಕ್ಕೂ ಬಣ್ಣ ಬಿಡದೆ ಹಿಡಿದುಕೊಳ್ಳುತ್ತದೆ, ಆಕ್ಟಿನೊಮೈಸಿಸ್ ಬಿಟ್ಟುಬಿಡುತ್ತದೆ, ಅದು ಗ್ರಾಮ್ ವಿಧಾನದಲ್ಲಿ ನೇರಳೆ ಬಣ್ಣದ, ಕವಲೊಡೆದ ಎಳೆಗಳಾಗಿ ಕಾಣುತ್ತದೆ. ಚಿಕಿತ್ಸೆಯೂ ಪೂರ್ತಿ ಬೇರೆ. ಕ್ಷಯಕ್ಕೆ ಹಲವು ಔಷಧಿಗಳ ಮಿಶ್ರಣ; ಇದಕ್ಕೆ ಪೆನಿಸಿಲಿನ್ ಬಳಗದ ಔಷಧಿ, ಮೊದಲು ರಕ್ತನಾಳಕ್ಕೆ, ಅನಂತರ ಬಾಯಿಯ ಮೂಲಕ. ಗಟ್ಟಿ ನಾರಿನೊಳಕ್ಕೆ ರಕ್ತವೇ ಸರಿಯಾಗಿ ಹೋಗದ್ದರಿಂದ ಔಷಧಿಯೂ ಹೋಗುವುದಿಲ್ಲ. ಹಾಗಾಗಿ ಸಾಂಪ್ರದಾಯಿಕವಾಗಿ 6ರಿಂದ 12 ತಿಂಗಳ ಚಿಕಿತ್ಸೆ. ಕ್ಷಯದ ಸಾಧ್ಯತೆಯನ್ನು ಹೇಗೆ ತಳ್ಳಿಹಾಕಲಾಯಿತು ಎಂದು ಹೇಳದ ವರದಿ ನಮ್ಮ ಓದುಗರಿಗೆ ಅರ್ಧ ವರದಿ.

ಓದುಗರು ಏನು ಮಾಡಬೇಕು?

ಮೊದಲು ಒಂದು ಎಚ್ಚರಿಕೆ. ಈ ವರದಿಗಳ ಕಥೆ ಜನಪ್ರಿಯ ಬರಹಗಳಿಗೆ ಇಳಿದಾಗ ‘ಕ್ಯಾನ್ಸರ್ ಅಂದಿದ್ದರು, ಬರೀ ಸೋಂಕಾಗಿತ್ತು’ ಎಂಬ ರೂಪ ತಾಳುವುದು ಸುಲಭ. ಅದನ್ನು ಓದಿ ‘ನಮ್ಮದೂ ಹಾಗೇ ಇರಬಹುದು’ ಎಂದು ಯಾರಾದರೂ ಪರೀಕ್ಷೆಯನ್ನು ಮುಂದೂಡಿದರೆ ಅದರಷ್ಟು ದೊಡ್ಡ ಅನಾಹುತವಿಲ್ಲ. ಮೇಲಿನ ಲೆಕ್ಕವನ್ನು ಅವರಿಗೆ ತೋರಿಸಿ. ಅಪರೂಪವಾದದ್ದು ಅಪರೂಪವೇ. ಆಸೆಯಿಂದ ಅದರ ಸಂಭವನೀಯತೆ ಹೆಚ್ಚುವುದಿಲ್ಲ. ಈ ವರದಿಗಳಿಂದ ಬರುವ ನ್ಯಾಯವಾದ ಪಾಠ ‘ಕಾಯಿರಿ’ ಎಂಬುದಲ್ಲ. ‘ದೊಡ್ಡ ನಿರ್ಧಾರಕ್ಕೆ ಮುನ್ನ, ಸಾಧ್ಯವಿದ್ದಲ್ಲಿ, ಅಂಗಾಂಶವನ್ನೇ ನೋಡಿರಿ’ ಎಂಬುದು.

ಅಧ್ಯಾಪಕರಿಗೆ ಒಂದು ಸೂಚನೆ. ಪದವಿಪೂರ್ವ ತರಗತಿಯಲ್ಲಿ ಸಂಭವನೀಯತೆಯನ್ನು ಕಲಿಸುವಾಗ ನಾಣ್ಯ ಮತ್ತು ದಾಳಗಳ ಜೊತೆಗೆ ಮೇಲಿನ 1000 ಮಂದಿಯ ಲೆಕ್ಕವನ್ನೂ ಕೊಡಿ. 10ರ ಬದಲು 100 ಮಂದಿಗೆ ಸೋಂಕಿದ್ದರೆ ಉತ್ತರ ಏನಾಗುತ್ತದೆ ಎಂದು ಕೇಳಿ. ಸುಳಿವಿನ ಬಲ ಅಷ್ಟೇ ಇದ್ದರೂ ಉತ್ತರ ಶೇ. 8ರಿಂದ ಶೇ. 50ಕ್ಕೆ ಏರುವುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ‘ವೀಕ್ಷಣೆ’ ಮತ್ತು ‘ತೀರ್ಮಾನ’ ಎಂಬ ಎರಡು ಕಾಲಮ್ಮುಗಳನ್ನು ಬರೆಸಿ, ಯಾವುದಾದರೊಂದು ವೈದ್ಯಕೀಯ ಸುದ್ದಿಯ ವಾಕ್ಯಗಳನ್ನು ಅವುಗಳಲ್ಲಿ ಹಂಚಲು ಹೇಳಿ. ಎಷ್ಟು ವಾಕ್ಯಗಳು ಜಾಗ ಬದಲಿಸುತ್ತವೆ ಎಂಬುದು ನಿಮಗೂ ಅಚ್ಚರಿ ತರಬಹುದು.

ವಿದ್ಯಾರ್ಥಿಗಳೇ, ಮುಂದೆ ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ಸ್ಕ್ಯಾನ್ ಯಂತ್ರದ ಹಿಂದೆ ಕೂರುತ್ತೀರಿ, ಕೆಲವರು ಕಲ್ಚರ್ ತಟ್ಟೆಗಳನ್ನು ನೋಡುತ್ತೀರಿ. ಇಂಥ ವರದಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಇಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಈ ಶೇಕಡಾ ಸಂಖ್ಯೆಯ ಛೇದದಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಈ ಸಾಕ್ಷಿಗಳು ನಿಜಕ್ಕೂ ಬೇರೆ ಬೇರೆಯೆ, ಇಲ್ಲ ಒಂದೇ ಸಾಕ್ಷಿ ನಾಲ್ಕು ಸಲ ಮಾತಾಡುತ್ತಿದೆಯೆ? ನೀವೇ ಇಂಥ ವರದಿ ಬರೆಯುವ ದಿನ ಬಂದರೆ, ಮಾದರಿಯ ಒಂದು ಚೂರು ಫಾರ್ಮಲಿನ್‌ನಿಂದ ಹೊರಗುಳಿಯಿತೆ ಇಲ್ಲವೆ ಎಂಬುದನ್ನೂ ಬರೆಯಿರಿ.